ಅಪ್ಪನ ಕೋವಿ ಒಯ್ಯುವಾಗ ಪೊಲೀಸರು ತಡೆದರು: ಆಮೇಲೆ ಆದದ್ದೆಲ್ಲ

ಅಪ್ಪನ ಕೋವಿ ಕೊನೆಗೂ ಮನೆಗೆ ಬಂತು. ಲೈಸೆನ್ಸ್ ಕೂಡ ನವೀಕರಣ ಆಯಿತು. ಮಳೆಗಾಲದ ಶುರುವಿನಲ್ಲಿ ಹಿಡಿದ ಓಡಾಟ ಮುಗಿಯುವಾಗ ಅಡಿಕೆ ಕೊಯ್ಲು ಬಂದಿತ್ತು. ಈ ನಡುವೆ ಠಾಣೆ, ಕೋರ್ಟು, ಜಿಲ್ಲಾಧಿಕಾರಿ ಕಚೇರಿ ಎಲ್ಲ ಕಂಡೆ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ಮನೆಗಳು ನಮ್ಮ ಕಡೆ ತುಂಬ ಇವೆ. ಅವರಲ್ಲಿ ಯಾರಿಗಾದರೂ ಇದೇ ಪರಿಸ್ಥಿತಿ ಬಂದರೆ ಕೈಕಾಲು ಬಿಡುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡು, ತೋಟದ ಅಂಚಿಗೇ ಕಾಡು. ಅಪ್ಪನ ಹೆಸರಿನಲ್ಲಿ ಒಂದು ಒಂಟಿ ನಳಿಗೆಯ ತೋಟೆ ಕೋವಿ ಇದೆ. ಅಜ್ಜನ ಕಾಲದ್ದು. ಮಂಗ, ಹಂದಿ ಬಂದಾಗ ಗಾಳಿಯಲ್ಲಿ ಒಂದು ಈಡು ಹಾರಿಸಿ ಓಡಿಸುವುದಕ್ಕೆ ಬಿಟ್ಟರೆ ಬೇರೆ ಕೆಲಸ ಅದಕ್ಕಿಲ್ಲ. ಲೈಸೆನ್ಸಿನ ಅವಧಿ ಮೊದಲು ಮೂರು ವರ್ಷ ಇತ್ತು. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದು ಐದು ವರ್ಷ ಆಯಿತು. ಆ ಐದು ವರ್ಷ ಮುಗಿಯುವುದರಲ್ಲಿತ್ತು. ಅರ್ಜಿ ಮೊದಲೇ ಹಾಕಿದ್ದೆವು. ಕೋವಿಯನ್ನು ತಾಲ್ಲೂಕು ಕೇಂದ್ರಕ್ಕೆ ತಂದು ತೋರಿಸಿ ಅಂದರು.

ಅಪ್ಪ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಕೂತರೆ ಏಳಲಾಗುತ್ತಿರಲಿಲ್ಲ. ಹಾಗಾಗಿ ಕೋವಿ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ತಮ್ಮ ಕೈಯಲ್ಲೇ ಒಂದು ಪತ್ರ ಬರೆದರು. ‘ನನಗೆ ಆರೋಗ್ಯ ಸರಿ ಇಲ್ಲದ ಕಾರಣ ನನ್ನ ಮಗ ನನ್ನ ಪರವಾಗಿ ಲೈಸೆನ್ಸ್ ನವೀಕರಣಕ್ಕೆ ಕೋವಿ ತರುತ್ತಿದ್ದಾನೆ’ ಅಂತ. ಕೆಳಗೆ ಸಹಿ, ತಾರೀಕು. ಲೈಸೆನ್ಸ್ ಪುಸ್ತಕವನ್ನೂ ಜೊತೆಗೆ ಕೊಟ್ಟರು. ಕೋವಿ ಚೀಲದಲ್ಲಿತ್ತು, ಜಿಪ್ ಹಾಕಿತ್ತು. ತೋಟೆ ಒಂದನ್ನೂ ಒಯ್ದಿರಲಿಲ್ಲ.

ಪೇಟೆಗೆ ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ತಿರುವಿನಲ್ಲಿ ಪೊಲೀಸ್ ಜೀಪು ನಿಂತಿತ್ತು. ಎಲ್ಲ ವಾಹನ ನಿಲ್ಲಿಸುತ್ತಿದ್ದರು. ಹಿಂದಿನ ರಾತ್ರಿ ಕಾಡಿನಲ್ಲಿ ಶಿಕಾರಿ ನಡೆದಿದೆ ಅಂತ ಯಾರೋ ಫೋನ್ ಮಾಡಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ಹೆಡ್ ಕಾನ್‌ಸ್ಟೆಬಲ್ ಡಿಎಲ್, ಆರ್‌ಸಿ ಕೇಳಿದರು. ತೋರಿಸಿದೆ. ಹಿಂದಿನ ಸೀಟಿನ ಉದ್ದನೆಯ ಚೀಲ ಅವರ ಕಣ್ಣಿಗೆ ಬಿತ್ತು.

‘ಅದೇನ್ರೀ?’

‘ಕೋವಿ ಸರ್. ಅಪ್ಪಂದು. ರಿನ್ಯೂವಲ್‌ಗೆ ತೋರಿಸೋಕೆ ಹೋಗ್ತಿದ್ದೀನಿ.’

ಮರೆಮಾಚದೆ ಹೇಳಿದ್ದು ಒಳ್ಳೆಯದಾಯಿತು ಅಂತ ಆಮೇಲೆ ವಕೀಲರೂ ಹೇಳಿದರು. ಹೆಡ್ ಕಾನ್‌ಸ್ಟೆಬಲ್ ಎಸ್‌ಐ ಅವರನ್ನು ಕರೆದರು. ಎಸ್‌ಐ ಕೋವಿ ಹೊರಗೆ ತೆಗೆಸಿ ನಳಿಗೆ ಮಡಚಿ ಒಳಗೆ ನೋಡಿದರು, ಖಾಲಿ. ಮೂಸಿ ನೋಡಿದರು, ಮದ್ದಿನ ವಾಸನೆ ಇರಲಿಲ್ಲ. ಲೈಸೆನ್ಸ್ ಕೇಳಿದರು, ಕೊಟ್ಟೆ. ಪುಸ್ತಕದ ಫೋಟೋ ನೋಡಿ ನನ್ನ ಮುಖ ನೋಡಿದರು. ‘ಲೈಸೆನ್ಸ್ ಇವರದ್ದು. ನೀವು ಹೆಂಗೆ ಹಿಡ್ಕೊಂಡು ಓಡಾಡ್ತೀರಿ?’ ಅಂದರು. ಪತ್ರ ಕೊಟ್ಟೆ. ಓದಿದರು. ‘ಇಂಥ ಚೀಟಿ ಯಾರು ಬೇಕಾದ್ರೂ ಬರ್ಕೋಬಹುದು. ನಡೀರಿ ಸ್ಟೇಷನ್‌ಗೆ’ ಅಂದರು.

ಅಷ್ಟರಲ್ಲಿ ಡಿಕ್ಕಿ ತೆಗೆಸಿದರು. ಅಲ್ಲಿ ತೋಟದ ಕತ್ತಿ ಇತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಹಾಳೆ, ಬಳ್ಳಿ ಕಡಿಯುವಂಥದ್ದು. ನಮ್ಮ ಕಡೆ ಇದಿಲ್ಲದ ಗಾಡಿಯೇ ಇಲ್ಲ. ‘ಕೋವಿ ಜೊತೆ ಮಚ್ಚು ಬೇರೆ’ ಅಂತ ಅದನ್ನೂ ಎತ್ತಿಕೊಂಡರು. ಸುತ್ತ ನಿಂತ ಬೈಕಿನವರೆಲ್ಲ ನೋಡುತ್ತಿದ್ದರು. ಅದರಲ್ಲಿ ನಮ್ಮೂರಿನ ಇಬ್ಬರಿದ್ದರು. ಆ ಹೊತ್ತಿನ ನಾಚಿಕೆಯನ್ನು ಹೇಗೆ ಹೇಳಲಿ? ತಪ್ಪು ಮಾಡಿಲ್ಲ ಅಂತ ಗೊತ್ತಿದ್ದರೂ ಬಾಯಿ ಒಣಗಿತ್ತು.

ಇಲ್ಲಿ ಸ್ವಲ್ಪ ನಿಂತು ಕಾನೂನು ಹೇಳುತ್ತೇನೆ. ಅವತ್ತು ರಸ್ತೆಯಲ್ಲಿ ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ಆಯುಧ ಇದೆ ಅಂತ ಅನುಮಾನ ಬಂದರೆ ಯಾರನ್ನಾದರೂ ನಿಲ್ಲಿಸಿ ಮೈ ತಡಕಾಡಬಹುದು ಅನ್ನುವ ಒಂದೇ ಸೆಕ್ಷನ್ ನಮ್ಮಲ್ಲಿ ಇಲ್ಲ. ಅಧಿಕಾರ ಬೇರೆ ಬೇರೆ ಕಾಯ್ದೆಗಳಲ್ಲಿ ಹಂಚಿಹೋಗಿದೆ. ಒಂದೊಂದಕ್ಕೂ ಅದರದ್ದೇ ಷರತ್ತು. ಸಮವಸ್ತ್ರದಲ್ಲಿರುವ ಪೊಲೀಸರು ಡಿಎಲ್ ಕೇಳಿದರೆ ತೋರಿಸಲೇಬೇಕು. ಅದು ಮೋಟಾರು ವಾಹನ ಕಾಯ್ದೆ. ಶಿಕಾರಿಯ ಅನುಮಾನಕ್ಕೆ ನಂಬತಕ್ಕ ಕಾರಣ ಇದ್ದರೆ 1972ರ ವನ್ಯಜೀವಿ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಅರಣ್ಯ ಅಧಿಕಾರಿಗಳು, ಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಪೊಲೀಸರು ವಾಹನ ನಿಲ್ಲಿಸಿ ಹುಡುಕಬಹುದು.

ಆಯುಧಕ್ಕೆ ಮುಖ್ಯ 1959ರ ಆಯುಧ ಕಾಯ್ದೆ. ಅದರ 19ನೇ ಸೆಕ್ಷನ್ ಬಾಯಿಪಾಠ ಮಾಡಿಕೊಳ್ಳಿ. ಆಯುಧ ಒಯ್ಯುತ್ತಿರುವ ಯಾರನ್ನಾದರೂ ಯಾವ ಪೊಲೀಸ್ ಅಧಿಕಾರಿಯಾದರೂ ‘ಲೈಸೆನ್ಸ್ ತೋರಿಸಿ’ ಅಂತ ಕೇಳಬಹುದು. ಇದಕ್ಕೆ ಅನುಮಾನವೂ ಬೇಕಿಲ್ಲ. ತೋರಿಸದಿದ್ದರೆ, ಅಥವಾ ನನಗೆ ಒಯ್ಯುವ ಹಕ್ಕಿದೆ ಅಂತ ತೋರಿಸಿಕೊಡದಿದ್ದರೆ, ಹೆಸರು ವಿಳಾಸ ಕೇಳಬಹುದು. ಅಗತ್ಯ ಕಂಡರೆ ಆಯುಧ ವಶಕ್ಕೆ ಪಡೆಯಬಹುದು. ಹೆಸರು ವಿಳಾಸ ಹೇಳದಿದ್ದರೆ, ಸುಳ್ಳು ಹೇಳುತ್ತಿದ್ದಾನೆ ಅಥವಾ ತಪ್ಪಿಸಿಕೊಳ್ಳುತ್ತಾನೆ ಅಂತ ಅನುಮಾನ ಬಂದರೆ, ಆಗ ಈ ಸೆಕ್ಷನ್ನಿನಡಿ ವಾರಂಟ್ ಇಲ್ಲದೆ ಬಂಧಿಸಬಹುದು. ಮೆಟ್ಟಿಲು ಮೆಟ್ಟಿಲಾಗಿ ಇದೆ, ನೋಡಿ. ಒಂದು ಮೆಟ್ಟಿಲಿನ ಷರತ್ತು ಮುಗಿಯದೆ ಮೇಲಿನದಕ್ಕೆ ಹೋಗುವ ಹಾಗಿಲ್ಲ.

20ನೇ ಸೆಕ್ಷನ್ ಬೇರೆ. ಲೈಸೆನ್ಸ್ ಇದ್ದರೂ ಇಲ್ಲದಿದ್ದರೂ, ಆಯುಧ ಒಯ್ಯುವ ರೀತಿ ಅಥವಾ ಸಂದರ್ಭ ನೋಡಿದರೆ ಕಾನೂನು ಮೀರಿದ ಕೆಲಸಕ್ಕೇ ಒಯ್ಯುತ್ತಿದ್ದಾನೆ ಅಂತ ಅನುಮಾನಿಸಲು ನ್ಯಾಯವಾದ ಕಾರಣ ಇದ್ದರೆ ಬಂಧಿಸಬಹುದು. ಕಾರಣ ಇರಬೇಕು, ಬರೀ ಮುಖ ನೋಡಿ ಅನಿಸಿದರೆ ಸಾಲದು. ರಾತ್ರಿ ಹೊತ್ತು ಕಾಡಿನ ಹಾದಿಯಲ್ಲಿ ತುಂಬಿದ ಕೋವಿ, ಹೆಡ್‌ಲೈಟ್ ಕಟ್ಟಿಕೊಂಡು ಹೋಗುವವನಿಗೂ, ಹಗಲು ಪೇಟೆ ರಸ್ತೆಯಲ್ಲಿ ಖಾಲಿ ಕೋವಿ ಚೀಲದಲ್ಲಿಟ್ಟುಕೊಂಡು ಹೋಗುವವನಿಗೂ ವ್ಯತ್ಯಾಸ ಇದೆ ಅಲ್ವಾ?

ಹಾಗಾಗಿ ನನ್ನನ್ನು ನಿಲ್ಲಿಸಿದ್ದು ಸರಿ. ಲೈಸೆನ್ಸ್ ಕೇಳಿದ್ದೂ ಸರಿ. ಶಿಕಾರಿಯ ಸುದ್ದಿ ಇದ್ದಾಗ ಕೋವಿ ಪರೀಕ್ಷಿಸಿದ್ದನ್ನೂ ನಾನು ತಪ್ಪು ಅನ್ನುವುದಿಲ್ಲ. ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ಠಾಣೆಯಲ್ಲಿ ಬೆಂಚಿನ ಮೇಲೆ ಕೂರಿಸಿದರು. ಫೋನ್ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಬಂಧಿಸಿದ್ದೀವಿ ಅಂತ ಹೇಳಲಿಲ್ಲ, ಹೋಗಿ ಅಂತಲೂ ಹೇಳಲಿಲ್ಲ. ‘ಸಾಹೇಬ್ರು ಬರ್ಲಿ’ ಅನ್ನುವುದೊಂದೇ ಉತ್ತರ. ಮಧ್ಯಾಹ್ನ ದಾಟಿತು. ಅಪ್ಪನಿಗೆ ಮಾತ್ರೆ ಕೊಡುವ ಹೊತ್ತು ಮೀರಿತ್ತು. ಮನೆಯಲ್ಲಿ ಅಮ್ಮ ಒಬ್ಬಳೇ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೊಂದೇ. ರಸ್ತೆಯಲ್ಲಿ ನೋಡಿದ ಊರಿನವರೇ ಮನೆಗೆ ಸುದ್ದಿ ಮುಟ್ಟಿಸಿದ್ದರು. ದೊಡ್ಡಪ್ಪನ ಮಗ ಒಬ್ಬ ವಕೀಲರನ್ನು ಹಿಡಿದು ಕರೆತಂದ.

ವಕೀಲರು ಒಳಗೆ ಬಂದವರೇ ಜಗಳ ಮಾಡಲಿಲ್ಲ. ಮೆತ್ತಗೆ ಕೇಳಿದರು: ‘ಸರ್, ಇವರನ್ನ ಅರೆಸ್ಟ್ ಮಾಡಿದ್ದೀರಾ? ಮಾಡಿದ್ರೆ ಕಾರಣ ಬರೆದು ಕೊಡಿ, ಮನೆಯವರಿಗೆ ತಿಳಿಸಿ. ಮಾಡಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ.’ ಈ ಪ್ರಶ್ನೆ ನೆನಪಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೆಲ್ಲ ಇದೆ. 47ನೇ ಸೆಕ್ಷನ್ ಪ್ರಕಾರ ಬಂಧನದ ಕಾರಣ ಹೇಳಬೇಕು. 48ರ ಪ್ರಕಾರ ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. 58ರ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನವೂ ಅಲ್ಲ, ಬಿಡುಗಡೆಯೂ ಅಲ್ಲ ಅನ್ನುವ ಹಾಗೆ ಬೆಂಚಿನ ಮೇಲೆ ಕೂರಿಸುವುದಕ್ಕೆ ಅಲ್ಲಿ ಜಾಗವಿಲ್ಲ.

ಆಮೇಲೆ ಫೋನಿನಲ್ಲಿ ಆಯುಧ ಕಾಯ್ದೆಯ 3ನೇ ಸೆಕ್ಷನ್ ತೆಗೆದು ಎಸ್‌ಐ ಅವರಿಗೆ ತೋರಿಸಿದರು. ನಮ್ಮ ಇಡೀ ಪ್ರಕರಣ ನಿಂತಿದ್ದು ಅಲ್ಲಿನ ಒಂದು ವಾಕ್ಯದ ಮೇಲೆ. ಲೈಸೆನ್ಸ್ ಇಲ್ಲದೆ ಬಂದೂಕು ಒಯ್ಯಬಾರದು ಅಂತ ಹೇಳಿ, ಅದರ ಕೆಳಗೇ ಒಂದು ವಿನಾಯಿತಿ ಇದೆ. ಲೈಸೆನ್ಸ್ ಇರುವವರ ಎದುರಿಗೆ, ಅಥವಾ ಅವರ ಲಿಖಿತ ಒಪ್ಪಿಗೆ ಪಡೆದು, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಅವರ ಉಪಯೋಗಕ್ಕೋ ಬೇರೆಯವರು ಬಂದೂಕು ಒಯ್ಯಬಹುದು. ಅಪ್ಪನ ಪತ್ರ ಅಂದರೆ ಅದೇ ಲಿಖಿತ ಒಪ್ಪಿಗೆ. ಎಸ್‌ಐ ಎರಡು ಸಲ ಓದಿದರು. ‘ಸರಿ, ಆದ್ರೆ ಸಹಿ ಅವರದ್ದೇ ಅಂತ ಏನು ಗ್ಯಾರಂಟಿ?’ ಅಂದರು. ಲೈಸೆನ್ಸ್ ಪುಸ್ತಕದಲ್ಲಿದ್ದ ಅಪ್ಪನ ಸಹಿ ತೋರಿಸಿದೆವು. ಮುರಿದ ಸೊಂಟದ ನೋವಿನಲ್ಲಿ ಮಲಗಿಕೊಂಡೇ ಹಾಕಿದ ಸಹಿ, ಸ್ವಲ್ಪ ವಾಲಿತ್ತು. ಹೊಂದುವುದಿಲ್ಲ ಅಂದರು. ಅಪ್ಪನಿಗೆ ವಿಡಿಯೊ ಕಾಲ್ ಮಾಡುತ್ತೇವೆ, ಅಥವಾ ಒಬ್ಬರನ್ನು ಮನೆಗೆ ಕಳಿಸಿ ಅಂದೆವು. ಒಪ್ಪಲಿಲ್ಲ. ಕೋವಿ ವಶಕ್ಕೆ, ನಾನು ಮನೆಗೆ. ಅಲ್ಲಿಗೆ ಅವತ್ತಿನ ತೀರ್ಮಾನ ಆಯಿತು.

ನಾನು ಹೊರಗೆ ಹೋದರೆ ಸಾಕು ಅಂತಿದ್ದೆ. ವಕೀಲರು ಬಿಡಲಿಲ್ಲ. ‘ಕಾಗದ ಇಲ್ಲದೆ ಇಲ್ಲಿಂದ ಹೋಗೋದು ಬೇಡ’ ಅಂತ ಕೂತರು. ವಶಪಡಿಸಿಕೊಂಡ ಬಗ್ಗೆ ಮಹಜರು ಬರೆಸಿದರು. ಕೋವಿಯ ನಂಬರು, ನಳಿಗೆ ಖಾಲಿ ಇತ್ತು ಅನ್ನುವುದು, ತೋಟೆ ಇರಲಿಲ್ಲ ಅನ್ನುವುದು, ಲೈಸೆನ್ಸ್ ಪುಸ್ತಕ ಮತ್ತು ಪತ್ರ ತೋರಿಸಿದ್ದೆ ಅನ್ನುವುದು, ಇಷ್ಟನ್ನೂ ಸೇರಿಸುವಂತೆ ಹಟ ಹಿಡಿದರು. ಕೊನೆಯದನ್ನು ಬರೆಯಲು ಠಾಣೆಯ ರೈಟರಿಗೆ ಮನಸ್ಸಿರಲಿಲ್ಲ. ಆದರೂ ಬರೆದರು. ಮುಂದೆ ಕೋರ್ಟಿನಲ್ಲಿ ನಮ್ಮನ್ನು ಕಾಪಾಡಿದ್ದು ಆ ಒಂದು ಸಾಲು. ಹೊಸ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ವಶಪಡಿಸಿಕೊಳ್ಳುವುದನ್ನು ಮೊಬೈಲಿನಲ್ಲಾದರೂ ವಿಡಿಯೊ ಮಾಡಬೇಕು ಅಂತಲೂ ವಕೀಲರು ನೆನಪಿಸಿದರು. ಮೇಜಿನ ಮೇಲೆ ಕೋವಿ ಇಟ್ಟು ಒಬ್ಬರು ವಿಡಿಯೊ ತೆಗೆದರು.

ಕತ್ತಿಯ ಮಾತು ಬೇಗ ಮುಗಿಯಿತು. ಆಯುಧ ಅಂದರೆ ಏನು ಅಂತ ಹೇಳುವ 2ನೇ ಸೆಕ್ಷನ್ನಿನಲ್ಲೇ, ಬರೀ ಮನೆ ಬಳಕೆಗೆ ಅಥವಾ ಕೃಷಿಗೆ ಅಂತ ಮಾಡಿದ ವಸ್ತು ಆಯುಧ ಅಲ್ಲ ಅಂತ ಬರೆದಿದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಲೆಕ್ಕ ನಿಯಮಗಳಲ್ಲಿ ಇದೆ ನಿಜ. ಆದರೆ ಅಲ್ಲೂ ಕೃಷಿ ಉಪಕರಣ ಬಿಟ್ಟು ಅಂತಲೇ ಇದೆ. ಕತ್ತಿ ವಾಪಸ್ ಕೊಟ್ಟರು. ಇಲ್ಲೊಂದು ಎಚ್ಚರಿಕೆ. ಗಲಾಟೆ ನಡೆಯುವ ಜಾಗಕ್ಕೆ ಅದೇ ಕತ್ತಿ ಹಿಡಿದು ಹೋದರೆ, ಅಥವಾ ನಿಷೇಧಾಜ್ಞೆ ಇರುವಾಗ ಒಯ್ದರೆ, ಲೆಕ್ಕ ಬೇರೆಯೇ ಆಗುತ್ತದೆ. ತೋಟದ ಕೆಲಸ ಮುಗಿದ ಮೇಲೆ ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಇಡುವುದು ಒಳ್ಳೆಯದು.

ಮನೆಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ‘ಊಟ ಮಾಡು’ ಅಂದರು. ರಾತ್ರಿ ಅವರು ನಿದ್ದೆ ಮಾಡಲಿಲ್ಲ ಅಂತ ಅಮ್ಮ ಬೆಳಿಗ್ಗೆ ಹೇಳಿದಳು. ತನ್ನ ಪತ್ರ ನಂಬಲಿಲ್ಲವಲ್ಲ ಅನ್ನುವುದು ಅವರಿಗೆ ಕೋವಿ ಹೋದದ್ದಕ್ಕಿಂತ ಜಾಸ್ತಿ ನೋವಾಗಿತ್ತು.

ಪೊಲೀಸರು ಎಫ್‌ಐಆರ್ ಹಾಕಲಿಲ್ಲ, ಕೋವಿ ವಶಪಡಿಸಿಕೊಂಡ ವರದಿಯನ್ನು ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಕಳಿಸಿದರು. ಹೀಗಾದಾಗ ವಸ್ತು ಬಿಡಿಸಿಕೊಳ್ಳಲು ಸಂಹಿತೆಯ 503ನೇ ಸೆಕ್ಷನ್ನಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಹಳೆಯ ಸಿಆರ್‌ಪಿಸಿಯ 457 ಅಂದರೆ ವಕೀಲರಿಗೆ ಬೇಗ ಗೊತ್ತಾಗುತ್ತದೆ. ಅರ್ಜಿ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರದ್ದೇ ಆಗಬೇಕು. ಅಂದರೆ ಅಪ್ಪನದು. ವಕಾಲತ್ತಿಗೆ ಮನೆಯಲ್ಲೇ ಸಹಿ ಮಾಡಿಸಿದೆವು. ಜೊತೆಗೆ ಕೊಟ್ಟ ಕಾಗದಗಳು: ಲೈಸೆನ್ಸ್ ಪುಸ್ತಕದ ಎಲ್ಲ ಪುಟಗಳ ಪ್ರತಿ, ನವೀಕರಣದ ಅರ್ಜಿಯ ಸ್ವೀಕೃತಿ, ಮಹಜರಿನ ಪ್ರತಿ, ಅಪ್ಪನ ಪತ್ರದ ಪ್ರತಿ, ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿ, ಪಹಣಿ. ಡಿಸ್‌ಚಾರ್ಜ್ ಸಮ್ಮರಿ ಯಾಕೆ ಅಂತ ನನಗೆ ಆಗ ಅನಿಸಿತ್ತು. ಅಪ್ಪ ತಾವೇ ಬರಲಾಗುತ್ತಿರಲಿಲ್ಲ, ಅದಕ್ಕೇ ಪತ್ರ ಬರೆದರು ಅನ್ನುವುದಕ್ಕೆ ಅದೇ ಸಾಕ್ಷಿಯಾಯಿತು.

ಪೊಲೀಸ್ ವರದಿ ಬರಲಿ ಅಂತ ಮುಂದಕ್ಕೆ ಹೋಯಿತು. ವರದಿ ಬಂದ ದಿನ ಎಪಿಪಿ (ಸರ್ಕಾರದ ಪರ ವಾದಿಸುವ ವಕೀಲರು) ರಜೆ. ಆಮೇಲೆ ಅವರು ತಕರಾರು ಸಲ್ಲಿಸಿದರು. ಹೀಗೇ ವಾಯಿದೆ ಮೇಲೆ ವಾಯಿದೆ. ನಮ್ಮ ವಕೀಲರು 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಹಿಡಿದು ವಾದಿಸಿದರು. ವಶಪಡಿಸಿಕೊಂಡ ವಸ್ತುಗಳನ್ನು ಠಾಣೆಯಲ್ಲಿ ತಿಂಗಳುಗಟ್ಟಲೆ ಕೊಳೆಸಬಾರದು, ಹೆಚ್ಚೆಂದರೆ ಹದಿನೈದು ದಿನದಿಂದ ಒಂದು ತಿಂಗಳು ಅಂತ ಅದರಲ್ಲಿದೆ. ಹೀಗೆ ಯಾವುದೇ ವಸ್ತು ಸಿಕ್ಕಿಕೊಂಡವರು ತಮ್ಮ ವಕೀಲರಿಗೆ ಈ ತೀರ್ಪು ನೆನಪಿಸಿ.

ಈ ನಡುವೆ ನಾವು ಎಣಿಸದ ಒಂದು ತೊಂದರೆ ಎದುರಾಯಿತು. ನವೀಕರಣದ ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿತ್ತು. ಕೋವಿ ಪರಿಶೀಲನೆ ಆಗದೆ ಅದು ಮುಂದೆ ಹೋಗುವುದಿಲ್ಲ. ಕೋವಿ ಠಾಣೆಯಲ್ಲಿದೆ. ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿದರೆ, ಅವಧಿ ಮುಗಿದ ಲೈಸೆನ್ಸಿಗೆ ಕೋವಿ ಬಿಡುವುದು ಹೇಗೆ ಅಂತ ಕೋರ್ಟಿನಲ್ಲಿ ಪ್ರಶ್ನೆ ಬರುತ್ತದೆ. ಒಂದು ಇನ್ನೊಂದಕ್ಕೆ ಕಾಯುವ ಸ್ಥಿತಿ. ಮಹಜರು ಮತ್ತು ಕೋರ್ಟಿನ ಅರ್ಜಿಯ ಪ್ರತಿ ಇಟ್ಟು, ಕೋವಿ ಎಲ್ಲಿದೆ, ಯಾಕೆ ತೋರಿಸಲಾಗಿಲ್ಲ ಅಂತ ಬರೆದು ಕಚೇರಿಗೆ ಕೊಟ್ಟೆವು. ನವೀಕರಣದ ಅರ್ಜಿಯನ್ನು ಅವಧಿಗೆ ಮೊದಲೇ ಹಾಕಿದ್ದಕ್ಕೆ ಸ್ವೀಕೃತಿ ಇತ್ತಲ್ಲ, ಅದನ್ನು ಕೋರ್ಟಿಗೆ ತೋರಿಸಿದೆವು. ಇದಕ್ಕೇ ಹೇಳುವುದು, ಅವಧಿ ಮುಗಿಯುವ ಎರಡು ತಿಂಗಳಿಗೆ ಮೊದಲೇ ಅರ್ಜಿ ಹಾಕಿ, ಸೀಲು ಹೊಡೆದ ಸ್ವೀಕೃತಿ ಜೋಪಾನ ಮಾಡಿ.

ತೋಟದಲ್ಲಿ ಮಂಗಗಳಿಗೆ ಕೋವಿ ಇಲ್ಲ ಅನ್ನುವುದು ಬೇಗ ತಿಳಿಯಿತು. ಎಳೆ ಅಡಿಕೆ, ಬಾಳೆ, ಏಲಕ್ಕಿ ಎಲ್ಲದರಲ್ಲೂ ನಷ್ಟ. ಡಬ್ಬ ಬಡಿದು, ಪಟಾಕಿ ಹೊಡೆದು ಅಮ್ಮ ಒಬ್ಬಳೇ ಗುದ್ದಾಡಿದಳು. ಈ ನಷ್ಟ ಯಾವ ಕಾಗದದಲ್ಲೂ ಬರುವುದಿಲ್ಲ.

ಕೊನೆಗೆ ಆದೇಶ ಬಂತು. ಲಿಖಿತ ಒಪ್ಪಿಗೆ ಇತ್ತು, ಉದ್ದೇಶ ನವೀಕರಣ, ಕೋವಿ ಖಾಲಿ, ಅಪರಾಧದ ಆರೋಪ ಇಲ್ಲ ಅಂತ ಮ್ಯಾಜಿಸ್ಟ್ರೇಟರು ಮಹಜರಿನ ಆ ಸಾಲನ್ನೇ ಎತ್ತಿ ಬರೆದಿದ್ದರು. ಅಪ್ಪ ಬಾಂಡ್ ಬರೆದುಕೊಡಬೇಕು, ಒಬ್ಬರು ಜಾಮೀನು ನಿಲ್ಲಬೇಕು, ಕೇಳಿದಾಗ ಕೋವಿ ಹಾಜರುಪಡಿಸಬೇಕು, ಮಾರಬಾರದು ಅಂತ ಷರತ್ತು. ಜಾಮೀನಿಗೆ ಪಹಣಿ, ಆಧಾರ್ ಬೇಕು. ದೊಡ್ಡಪ್ಪ ನಿಂತರು. ಬಾಂಡಿಗೆ ಸಹಿ ಹಾಕಲು ಅಪ್ಪನೇ ಬರಬೇಕಾಯಿತು. ಅಷ್ಟೊತ್ತಿಗೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಕಾರಿನಿಂದ ಕೋರ್ಟಿನ ಮೆಟ್ಟಿಲು ಹತ್ತಿಸುವುದೇ ಕಷ್ಟವಾಯಿತು. ಅಲ್ಲಿನ ಅಟೆಂಡರ್ ಒಬ್ಬರು ಕೇಳದೆಯೇ ಕುರ್ಚಿ ತಂದು ಹಾಕಿದರು. ಅವರಿಗೆ ಋಣಿ.

ಠಾಣೆಯಿಂದ ಕೋವಿ ಬಿಡಿಸಿಕೊಂಡಾಗ ನಳಿಗೆಗೆ ತುಕ್ಕು ಹಿಡಿದಿತ್ತು. ಮಳೆಗಾಲ ಪೂರ್ತಿ ಎಣ್ಣೆ ಕಾಣದೆ ಗೋಡೆಗೆ ಒರಗಿತ್ತು. ಪಡೆಯುವಾಗಲೇ ‘ತುಕ್ಕು ಇದೆ’ ಅಂತ ಸ್ವೀಕೃತಿಯಲ್ಲಿ ಬರೆದು ಸಹಿ ಮಾಡಿದೆವು. ಫೋಟೋ ತೆಗೆದೆವು. ಬಂದೂಕು ರಿಪೇರಿ ಮಾಡುವವರಿಗೂ ಅದಕ್ಕೆ ಅಂತಲೇ ಲೈಸೆನ್ಸ್ ಇರಬೇಕು, ಊರ ಕಮ್ಮಾರನ ಹತ್ತಿರ ಒಯ್ಯಬೇಡಿ. ವಕೀಲರ ಫೀ, ನೋಟರಿ, ನಕಲು ಪ್ರತಿ, ಕಾರಿನ ಖರ್ಚು, ರಿಪೇರಿ ಎಲ್ಲ ಸೇರಿ ಐದಂಕಿ ದಾಟಿತು. ಕೋವಿಯ ಬೆಲೆಯೇ ಅಷ್ಟಿಲ್ಲ.

ದೂರು ಕೊಡಬೇಕಾ ಅಂತ ಮನೆಯಲ್ಲಿ ಚರ್ಚೆ ಆಯಿತು. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು, ದೃಶ್ಯಗಳನ್ನು ತಿಂಗಳುಗಟ್ಟಲೆ ಉಳಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಮೊದಲ ವಾರದಲ್ಲೇ ಆ ದಿನದ ದೃಶ್ಯ ಉಳಿಸಿಡಿ ಅಂತ ಪತ್ರ ಕೊಟ್ಟಿದ್ದರು. ಆ ಪತ್ರದ ಸ್ವೀಕೃತಿ ನಮ್ಮಲ್ಲಿದೆ. ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯುವುದು ಅಂತ ನಾನು ನಿರ್ಧರಿಸಿದ್ದೇನೆ. ಎಸ್‌ಐ ಮೇಲೆ ದ್ವೇಷ ಇಲ್ಲ. ಆದರೆ 3ನೇ ಸೆಕ್ಷನ್ನಿನ ಆ ವಿನಾಯಿತಿ ರಸ್ತೆಯಲ್ಲಿ ನಿಲ್ಲುವ ಪ್ರತಿಯೊಬ್ಬ ಪೊಲೀಸರಿಗೂ ಗೊತ್ತಿರಬೇಕು. ವಯಸ್ಸಾದ ಲೈಸೆನ್ಸುದಾರರು ಹಳ್ಳಿಹಳ್ಳಿಯಲ್ಲಿ ಇದ್ದಾರೆ.

ಚುನಾವಣೆ ಹೊತ್ತಿನಲ್ಲಿ ತಪಾಸಣೆ ಇನ್ನೂ ಬಿಗಿ ಇರುತ್ತದೆ. ಕೋವಿ ಠೇವಣಿ ಇಡಿ ಅಂತ ಸೂಚನೆ ಬಂದಾಗ ಒಯ್ಯುವುದಿದ್ದರೆ ಆ ಸೂಚನೆಯ ಪ್ರತಿ ಜೊತೆಗಿರಲಿ. ಜಾತ್ರೆ, ಮೆರವಣಿಗೆ, ಶಾಲಾ ಕಾಲೇಜಿನ ಆವರಣಕ್ಕೆ ಆಯುಧ ಒಯ್ಯಬಾರದು ಅಂತ ಲೈಸೆನ್ಸಿನ ಷರತ್ತುಗಳಲ್ಲೇ ಇದೆ. ದಾರಿಯಲ್ಲಿ ಜಾತ್ರೆ ಇದ್ದರೆ ಬೇರೆ ದಾರಿ ಹಿಡಿಯಿರಿ.

ರಿಪೇರಿಗೆ ಒಯ್ಯುವಾಗ ವಕೀಲರು ಪತ್ರವನ್ನು ಹೊಸದಾಗಿ ಬರೆಸಿಕೊಟ್ಟರು. ನೋಟರಿ ಕಡ್ಡಾಯ ಅಂತ ಕಾಯ್ದೆಯಲ್ಲಿ ಇಲ್ಲ. ಆದರೂ ಸಹಿಯ ಬಗ್ಗೆ ಮತ್ತೆ ಮಾತು ಬಾರದಿರಲಿ ಅಂತ ಮಾಡಿಸಿದೆವು. ಬೇಕಾದವರು ಹೆಸರು, ನಂಬರು ತುಂಬಿ ಬಳಸಿ:

‘ಆಯುಧ ಕಾಯ್ದೆ 1959ರ 3ನೇ ಸೆಕ್ಷನ್ನಿನ ವಿನಾಯಿತಿಯಂತೆ ಲಿಖಿತ ಒಪ್ಪಿಗೆ. ನಾನು (ಹೆಸರು, ವಯಸ್ಸು, ವಿಳಾಸ), ಲೈಸೆನ್ಸ್ ನಂಬರು (…), ಅವಧಿ (…)ರವರೆಗೆ. ನನ್ನ ಲೈಸೆನ್ಸಿನಲ್ಲಿ ನಮೂದಾಗಿರುವ (ಕೋವಿಯ ಬಗೆ, ನಂಬರು) ಅನ್ನು ರಿಪೇರಿಗಾಗಿ / ನವೀಕರಣದ ಪರಿಶೀಲನೆಗಾಗಿ (ಎಲ್ಲಿಂದ) (ಎಲ್ಲಿಗೆ) (ತಾರೀಕು)ರಂದು ಒಯ್ದು ಹಿಂದಿರುಗಿಸಲು ನನ್ನ ಮಗ (ಹೆಸರು, ಆಧಾರ್‌ನ ಕೊನೆಯ ನಾಲ್ಕು ಅಂಕಿ) ಇವರಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಕೋವಿ ಖಾಲಿ ಇದೆ, ತೋಟೆ ಜೊತೆಗಿಲ್ಲ. ವಿಚಾರಿಸಲು ನನ್ನ ಫೋನ್: (…). ಸಹಿ, ತಾರೀಕು. ಇಬ್ಬರು ಸಾಕ್ಷಿಗಳ ಸಹಿ.’

ಇದರ ಜೊತೆ ಲೈಸೆನ್ಸ್ ಪುಸ್ತಕದ ಮೂಲ ಪ್ರತಿ, ನಿಮ್ಮ ಆಧಾರ್, ವೈದ್ಯರ ಕಾಗದ ಇದ್ದರೆ ಅದು, ಎಲ್ಲ ಒಂದೇ ಕವರಿನಲ್ಲಿ ಇರಲಿ. ಎರಡನೇ ಪ್ರತಿ ಮನೆಯಲ್ಲಿರಲಿ.